ಸಾಸಿವೆ ಕಾಳಿನಂಥ ಕಣ್ಣು

ಬಂಡೆ ಎಂದೇ ಎಲ್ಲರೂ ಕರೆಯುವ ರೋಗಿಯ ರೆಪ್ಪೆಯನ್ನು ಡಾಕ್ಟರು ಹೆಬ್ಬೆರಳಿನಿಂದ ಎತ್ತಿ ಟಾರ್ಚ್ ಹಿಡಿದರು. ಬೆಳಿಗ್ಗೆ ಕಡಲೆ ಕಾಳಿನಷ್ಟು ಅರಳಿದ್ದ ಕಣ್ಣಿನ ಕಪ್ಪು ಮತ್ತೆ ಸಾಸಿವೆಯಷ್ಟಾಗಿತ್ತು.

"ಮತ್ತೆ ಬಂತು," ಅಂದರು. "ಸಿಸ್ಟರ್, ಮೊದಲು ಬಾಯಿಯ ನೀರು ಎಳೀರಿ. ಆಮೇಲೆ ಅಟ್ರೋಪಿನ್."

"ಸಿರಿಂಜಿಗೆ ತುಂಬಿಟ್ಟಾಯ್ತು ಡಾಕ್ಟ್ರೇ. ನಿಮ್ಮ ಮುಖ ನೋಡ್ದಾಗ್ಲೇ ತುಂಬ್ದೆ."

ಬಂಡೆಯ ಎದೆಯೊಳಗೆ ಅನ್ನದ ಪಾತ್ರೆ ಕುದಿಯುವ ಸದ್ದು. ಕಟವಾಯಲ್ಲಿ ನೊರೆ. ತೊಡೆಯ ಚರ್ಮದ ಕೆಳಗೆ ಮಾಂಸ ಹುಳ ಹರಿದಂತೆ ಅದುರುತ್ತಿತ್ತು. ಸಿಸ್ಟರ್ ಪೈಪಿನಿಂದ ನೊರೆ ಎಳೆದರು, ಔಷಧ ಏರಿಸಿದರು. ಡಾಕ್ಟರು ಎದೆಗೆ ಕಿವಿಕೊಳವೆ ಇಟ್ಟು ಕಣ್ಣು ಮುಚ್ಚಿ ಕೇಳಿದರು.

"ಇನ್ನೂ ನೀರಿದೆ. ಈಗ ಕೊಟ್ಟಿದ್ದರ ಎರಡರಷ್ಟು ಕೊಡಿ."

ಕೊಟ್ಟರು. ಮತ್ತೆ ಕೇಳಿದರು. ಮತ್ತೆ ಕೊಟ್ಟರು. ಕಣ್ಣು ಅರಳುವುದಕ್ಕೆ ಅವರು ಕಾಯುತ್ತಿರಲಿಲ್ಲ. ಈ ವಿಷದಲ್ಲಿ ಮನುಷ್ಯ ತನ್ನ ಎದೆಯ ನೀರಿನಲ್ಲೇ ಮುಳುಗುತ್ತಾನೆ. ಆ ನೀರು ಒಣಗಬೇಕು, ಅಷ್ಟೇ ಲೆಕ್ಕ. ಕಡೆಗೆ ಕುದಿಯುವ ಸದ್ದು ಅಡಗಿತು. ಉಸಿರಿನ ಯಂತ್ರವೊಂದೇ ತನ್ನ ಪಾಡಿಗೆ ತಾನು ಸುಯ್ಯೆನ್ನುತ್ತಿತ್ತು.

ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದ ಹೆಂಗಸು ಆಗ ಉಸಿರು ಬಿಟ್ಟಳು. ಪೊಲೀಸ್ ಇಲಾಖೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಜಿಗಣೆಯಮ್ಮ ಅಂತ. ಕಚ್ಚಿದರೆ ಬಿಡುವವಳಲ್ಲ, ಎದುರಿಗೇ ಹಾಗಂದರೂ ಬೇಸರಿಸಿಕೊಳ್ಳುವವಳೂ ಅಲ್ಲ. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಬಂಡೆ ಕುಸಿದು ಬಿದ್ದು, ಮೈಗೆ ಹುಳದ ಔಷಧ ಸೇರಿದೆ ಎಂದು ಗೊತ್ತಾದ ದಿನದಿಂದ ಕೇಸು ಅವಳ ಕೈಯಲ್ಲಿತ್ತು.

"ಡಾಕ್ಟ್ರೇ, ಮೈಯೊಳಗಿನ ಹಳೇ ವಿಷವೇ ಮತ್ತೆ ಏಳ್ತಿರಬಹುದಾ?"

"ಏಳಬಹುದು. ಕೆಲವು ವಿಷ ಕೊಬ್ಬಲ್ಲಿ ಅಡಗಿ ಕೂತಿದ್ದು ನಿಧಾನಕ್ಕೆ ಈಚೆ ಬರುತ್ತೆ. ನಾನೂ ಮೊದಲು ಹಾಗೇ ಅಂದ್ಕೊಂಡೆ."

"ಅಡಗಿದ್ದು ಈಚೆ ಬರೋಕೆ ಹೊತ್ತು ಗೊತ್ತು ನೋಡುತ್ತಾ? ಮನೆಯವರು ಬಂದು ನೋಡ್ಕೊಂಡು ಹೋದ ಮೇಲೇ ಬರುತ್ತಲ್ಲ ದಿನಾ?"

"ಅದಕ್ಕೇ ನಿಮ್ಮನ್ನ ಕರೆಸಿದ್ದು," ಅಂದರು ಡಾಕ್ಟರು. ಕೈಯ ಗ್ಲೌಸು ಕಳಚಿ ಬುಟ್ಟಿಗೆ ಹಾಕಿದರು. "ಬಾಯಿಂದ ಇವನು ಏನೂ ನುಂಗ್ತಿಲ್ಲ. ಮೂಗಿನ ನಳಿಕೆಗೆ ಹೋಗೋದು ನಮ್ಮ ಹಾಲು ಮಾತ್ರ. ಡ್ರಿಪ್ಪಿನ ಬಾಟ್ಲಿ ನಾನೇ ಬದಲಾಯಿಸ್ದೆ. ಎಲ್ಲಿಂದ ಹೋಗ್ತಿದೆ ಅನ್ನೋದೇ ತಿಳೀತಿಲ್ಲ."

"ಇನ್ನೊಂದು ಸಲ ಬಂದ್ರೆ?"

"ಇನ್ನೊಂದು ಸಲ ತಡಕೊಳ್ಳೋ ಶಕ್ತಿ ಈ ಎದೆಗಿದೆ ಅಂತ ನಾನು ಹೇಳಲಾರೆ. ಆದ್ರೆ ಬರದ ಹಾಗೆ ನೀವು ತಡೆದ್ರೆ, ಈ ಮನುಷ್ಯ ತನ್ನ ಕಾಲಲ್ಲೇ ನಡ್ಕೊಂಡು ಮನೆಗೆ ಹೋಗ್ತಾನೆ. ಅದನ್ನ ಬೇಕಾದ್ರೆ ಬರೆದುಕೊಡ್ತೀನಿ."

ಹೊರಗೆ, ಉದ್ದನೆಯ ಹಾದಿಯಲ್ಲಿ ಒಂದು ಬೆಂಚು. ಅದರ ಮೇಲೆ ಬಂಡೆಯ ಹೆಂಡತಿ ಮಡಿಲಲ್ಲಿ ಗಂಡನ ಟವೆಲ್ಲು ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ತಮ್ಮ. ಆಚೆ ತುದಿಯಲ್ಲಿ ಜೋಡಿ.

ಜೋಡಿ ಅನ್ನುವುದು ಹೆಸರಲ್ಲ. ಮೂಟೆ ಕೆಲಸದಲ್ಲಿ ಒಬ್ಬ ಎತ್ತಿಕೊಡಬೇಕು, ಒಬ್ಬ ಬೆನ್ನು ಕೊಡಬೇಕು. ಹಾಗೆ ಬಂಡೆಗೆ ಎತ್ತಿಕೊಡುತ್ತಿದ್ದವನು ಇವನು. ಮದುವೆಗೆ ಮುಂಚಿನಿಂದ ಬಂಡೆಗೆ ಇವನ ಜೊತೆ. ಹೆಂಡತಿ ಬಂದದ್ದು ಆಮೇಲೆ. "ಇವರಿಗೆ ನಾನು ಎರಡನೇ ಸಂಬಂಧ" ಎಂದು ಅವಳು ಜೋಡಿಯನ್ನು ತಮಾಷೆ ಮಾಡುತ್ತಿದ್ದುದುಂಟು. ಈಗ ಅವನು ಕರ್ಚೀಫು ಮುಖಕ್ಕೊತ್ತಿಕೊಂಡು ಸೊರಸೊರ ಮೂಗೆಳೆಯುತ್ತ ಅಳುತ್ತಿದ್ದ.

ಗೋದಾಮಿನ ಮೇಸ್ತ್ರಿ ಕಿಟಕಿಯ ಬಳಿ ನಿಂತಿದ್ದ. ಆಳುಗಳಿಗೆಲ್ಲ ಹಿರಿಯಣ್ಣನಂಥ ಮನುಷ್ಯ. ದಿನಾ ಬರುತ್ತಿದ್ದ, ಹಣ್ಣು ತರುತ್ತಿದ್ದ, ಬಂಡೆಯ ಹೆಂಡತಿಯನ್ನು ತನ್ನ ಗಾಡಿಯಲ್ಲೇ ಮನೆಗೆ ಬಿಡುತ್ತಿದ್ದ. ವಾರ್ಡಿನ ಒಳಗೆ ಮಾತ್ರ ಒಂದು ದಿನವೂ ಕಾಲಿಟ್ಟವನಲ್ಲ. "ಆಸ್ಪತ್ರೆ ವಾಸನೆ ನನಗಾಗಲ್ಲಮ್ಮ, ತಲೆ ತಿರುಗುತ್ತೆ" ಅನ್ನುತ್ತಿದ್ದ. ಹಾಗಾಗಿ ಜಿಗಣೆಯಮ್ಮ ಅವನನ್ನು ಲೆಕ್ಕದಿಂದ ಬಿಟ್ಟಿದ್ದಳು. ಒಳಗೆ ಹೋಗುತ್ತಿದ್ದವರು ಮೂವರೇ. ಹೆಂಡತಿ, ಭಾವಮೈದ, ಜೋಡಿ.

"ಹೇಗಿದ್ದಾರೆ?" ಅಂತ ಹೆಂಡತಿ ಎದ್ದು ನಿಂತಳು.

"ತಡೆದಿದ್ದಾರೆ," ಅಂದಳು ಜಿಗಣೆಯಮ್ಮ. "ನಿನ್ನ ತಮ್ಮನ ಹತ್ರ ಸ್ವಲ್ಪ ಮಾತಾಡ್ಬೇಕು."

ಹೆಂಡತಿಯ ಮುಖ ಬಿಳಿಚಿಕೊಂಡಿತು. ತಮ್ಮನ ಕಡೆ ನೋಡಿದಳು, ವಾರ್ಡಿನ ಬಾಗಿಲ ಕಡೆ ನೋಡಿದಳು. ಒಂದು ಕಡೆ ತಾಳಿ ಕಟ್ಟಿದ ಗಂಡ, ಇನ್ನೊಂದು ಕಡೆ ಕಂಕುಳಲ್ಲಿ ಎತ್ತಿ ಬೆಳೆಸಿದ ತಮ್ಮ. ಬಾಯಿಗೆ ಬಂದ ತುತ್ತು ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ಅವನಲ್ಲಮ್ಮ," ಅಂದಳು ಮೆಲ್ಲಗೆ. "ಬಾಯಿ ಹರುಕ. ಕೈ ಹಾಗಲ್ಲ."

ಮಡಿಸಿದ ಹೊದಿಕೆಗಳನ್ನು ಇಡುವ ಸಣ್ಣ ಕೋಣೆ. ಮೂರು ಗೋಡೆಗೂ ಸೂರಿನವರೆಗೆ ಬಿಳಿ ಬಟ್ಟೆ. ಮಧ್ಯದಲ್ಲಿ ಎರಡು ಸ್ಟೂಲು.

"ಕೂತ್ಕೋ," ಅಂದಳು ಜಿಗಣೆಯಮ್ಮ.

"ನಿಂತೇ ಹೇಳ್ತೀನಿ. ನಾನು ಏನೂ ಮಾಡಿಲ್ಲ."

"ನಾನಿನ್ನೂ ಕೇಳೇ ಇಲ್ಲವಲ್ಲಪ್ಪ."

"ಕೇಳೋದು ಅದನ್ನೇ ತಾನೆ? ಗೋದಾಮಿನಲ್ಲಿ ಮೂಟೆಗೆ ಹುಳದ ಔಷಧ ಹೊಡೆಯೋನು ನಾನು. ಭಾವನ ಮೈಗೆ ಸೇರಿದ್ದು ಅದೇ ಔಷಧ. ಊರೆಲ್ಲ ಆಗ್ಲೇ ತೀರ್ಪು ಕೊಟ್ಟಾಯ್ತು."

"ಭಾವನಿಗೆ ಒಂದು ಗತಿ ಕಾಣಿಸ್ತೀನಿ ಅಂದಿದ್ದೆಯಂತೆ. ನಾಲ್ಕು ಜನರ ಎದುರಿಗೆ."

"ಅಂದಿದ್ದೆ. ಭಾವಮೈದ ಭಾವನಿಗೆ ಬೈಯೋದು ಪ್ರಪಂಚದಲ್ಲಿ ಹೊಸದಾ? ನಾಳೆ ನಿಮ್ಮ ತಮ್ಮ ನಿಮ್ಮೆಜಮಾನ್ರಿಗೆ ಬೈದ್ರೆ ಹಿಡ್ಕೊಂಡು ಹೋಗ್ತೀರಾ?"

"ನನ್ನ ತಮ್ಮನ ಕೈಲಿ ವಿಷದ ಡಬ್ಬ ಇಲ್ವಲ್ಲ. ಯಾಕೆ ಬೈದೆ?"

ಅವನು ಕಪಾಟಿನ ಹೊದಿಕೆಯ ಅಂಚು ತಿರುವುತ್ತ ನಿಂತ. "ಔಷಧ ಹೊಡೆಯೋದು ನಿಲ್ಸು ಅಂದ. ಡಬ್ಬದ ಮೇಲಿನ ಚೀಟಿ ಒಂದು, ಒಳಗಿರೋದು ಇನ್ನೊಂದು, ವಾಸನೆನೇ ಬೇರೆ, ತಿನ್ನೋ ಕಾಳಿನ ಮೇಲೆ ಇದನ್ನ ಹೊಡೀಬೇಡ ಅಂದ. ನಾನು ದೂರು ಕೊಡ್ತೀನಿ ಅಂದ. ಕೊಟ್ರೆ ನನ್ನ ಕೆಲಸ ಹೋಗುತ್ತೆ. ಸಿಟ್ಟು ಬಂತು, ಅಂದೆ."

"ಡಬ್ಬ ಇಡೋ ಕೋಣೆಗೆ ಬೀಗ ಇದೆಯಲ್ಲ. ಬೀಗದ ಕೈ ಯಾರ ಹತ್ರ?"

"ನನ್ನ ಹತ್ರ."

"ನಿನ್ನ ಹತ್ರ ಮಾತ್ರಾನಾ?"

ಇಷ್ಟು ಹೊತ್ತು ಮಾತಿಗೆ ಮಾತು ಕೊಡುತ್ತಿದ್ದವನು ಇಲ್ಲಿ ತಡವರಿಸಿದ. "ನನ್ನ ಹತ್ರ ಮಾತ್ರ."

"ಇನ್ನೊಂದ್ಸಲ ಹೇಳು, ನನ್ನ ಮುಖ ನೋಡ್ಕೊಂಡು."

"ಅಮ್ಮಾ, ನನಗೆ ಕೆಲಸ ಕೊಡಿಸಿದವರಿದ್ದಾರೆ. ಅವರ ಋಣ..." ಮಾತನ್ನು ಅಲ್ಲಿಗೇ ಕಚ್ಚಿಕೊಂಡ. "ನನ್ನ ಹತ್ರ ಮಾತ್ರ."

ಜಿಗಣೆಯಮ್ಮ ಮುಂದಕ್ಕೆ ಬಾಗಿದಳು. ಕಚ್ಚಬೇಕಾದ ಜಾಗ ಅವಳಿಗೆ ಸಿಕ್ಕಿತ್ತು. ಆದರೆ ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಡಾಕ್ಟರು ಸಿಸ್ಟರ್ ಅವರ ತೋಳು ಹಿಡಿದು ನಿಲ್ಲಿಸಿಕೊಂಡಿದ್ದರು.

"ಇವರ ಕಣ್ಣು ನೋಡಿ!"

ಸಿಸ್ಟರ್ ಅವರ ಬಲಗಣ್ಣು ಸರಿಯಾಗಿತ್ತು. ಎಡಗಣ್ಣಿನ ಕಪ್ಪು ಸಾಸಿವೆ ಕಾಳು.

"ಮಬ್ಬು ಮಬ್ಬು ಕಾಣ್ತಿದೆ ಅಂದೆ ಅಷ್ಟೇ," ಅಂದರು ಸಿಸ್ಟರ್. "ನಿದ್ದೆ ಇಲ್ಲದ್ದಕ್ಕೆ ಇರ್ಬೇಕು ಅಂದ್ಕೊಂಡೆ. ಇವರು ಟಾರ್ಚ್ ಹಿಡ್ಕೊಂಡು ಓಡ್ಸಿಕೊಂಡು ಬಂದ್ರು."

"ಗಡಿಬಿಡಿಯಲ್ಲಿ ಇವರ ಗ್ಲೌಸು ಹರಿದಿತ್ತಂತೆ. ಆ ಬೆರಳಿಂದ ಕಣ್ಣು ಉಜ್ಜಿಕೊಂಡಿದ್ದಾರೆ. ಅಂದ್ರೆ ವಿಷ ಬಂಡೆಯ ಹೊಟ್ಟೆಗೆ ಹೋಗ್ತಿಲ್ಲ. ಚರ್ಮದ ಮೇಲಿದೆ. ಸಿಸ್ಟರ್, ಯಾವ ಜಾಗ ಮುಟ್ಟಿದ್ರಿ?"

"ನಾಡಿ ನೋಡ್ದೆ. ಎಡಗೈ ಮಣಿಕಟ್ಟು."

ಜಿಗಣೆಯಮ್ಮ ಎದ್ದಳು. ದಿನಾ ಬಾಗಿಲ ಗಾಜಿನಿಂದ ನೋಡುತ್ತಿದ್ದ ಚಿತ್ರ ಕಣ್ಣ ಮುಂದೆ ನಿಂತಿತು. ಹೆಂಡತಿ ತಲೆಯ ಹತ್ತಿರ. ಭಾವಮೈದ ಕಾಲ ಬಳಿ, ಕೈಕಟ್ಟಿಕೊಂಡು. ಎಡಗೈ ಹಿಡಿದು ಹೊದಿಕೆಯೊಳಗೆ ಮುಚ್ಚಿಟ್ಟುಕೊಂಡು ಅಳುತ್ತ ಕೂರುತ್ತಿದ್ದವನು ಇನ್ನೊಬ್ಬ.

ಫ್ಯಾನಿನ ಗಾಳಿಗೆ ಉಳಿದವರು ಮೈ ಮುದುರಿಕೊಂಡಿದ್ದ ಆ ಹಾದಿಯಲ್ಲಿ ಜೋಡಿಯ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಜಿಗಣೆಯಮ್ಮ ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಣ್ಣಾ, ಕರ್ಚೀಫು ತೆಗಿ. ಇಲ್ಲಿ ನೋಡು."

ತೆಗೆದ. ಕಣ್ಣು, ಮೂಗು, ಬಾಯಿ ಮೂರೂ ಸೋರುತ್ತಿದ್ದವು. ಎರಡೂ ಕಣ್ಣಲ್ಲಿ ಎರಡು ಸಾಸಿವೆ ಕಾಳು.

"ಎಷ್ಟು ಹೊತ್ತಿಂದ ಅಳ್ತಿದ್ದೀಯ?"

"ಅಳ್ತಿಲ್ಲಮ್ಮ ನಾನು. ಮೊದಲು ಅಳ್ತಿದ್ದೆ. ಈಗ ತಾನಾಗೇ ಸುರೀತಿದೆ. ನಾನು ಇಷ್ಟು ಅಳುಬುರುಕ ಅಂತ ನನಗೇ ಗೊತ್ತಿರ್ಲಿಲ್ಲ." ನಗಲು ಹೋದ. ಬಗ್ಗಿ ಕೆಮ್ಮಿದ. ಆ ಕೆಮ್ಮಿನ ತಳದಲ್ಲಿ ಅದೇ ಅನ್ನ ಕುದಿಯುವ ಸದ್ದು.

"ಡಾಕ್ಟ್ರೇ!"

ಆಮೇಲೆ ಎಲ್ಲ ಜೋರಾಗಿ ನಡೆಯಿತು. ಗಾಲಿ ಮಂಚ ಬಂತು. ಡಾಕ್ಟರು ಆಮ್ಲಜನಕದ ಮುಖವಾಡ ಹಾಕಿದರು. ಕಣ್ಣು ತೊಳೆದುಕೊಳ್ಳಲು ಹೋದ ಸಿಸ್ಟರ್ ಜಾಗಕ್ಕೆ ಬಂದ ಇನ್ನೊಬ್ಬ ದಾದಿ ಎರಡೆರಡು ಜೊತೆ ಗ್ಲೌಸು ಹಾಕಿಕೊಂಡು ಕತ್ತರಿ ಹಿಡಿದಳು.

"ಅಂಗಿ ಕತ್ತರಿಸ್ಬೇಡಮ್ಮ, ಬಿಚ್ಚಿಕೊಡ್ತೀನಿ. ಇಲ್ಲೇ ಬೇಡ, ಹೆಂಗಸರಿದ್ದಾರೆ," ಅಂತ ಜೋಡಿ ಮುಖವಾಡದೊಳಗಿಂದ ಗೊಣಗಿದ.

"ಪ್ರಾಣ ಮೊದಲು, ಮಾನ ಆಮೇಲೆ. ಸುಮ್ನೆ ಮಲಕ್ಕೋ."

"ನಾಚ್ಕೋಬೇಡ ಮಾರಾಯ," ಅಂದಳು ಬಂಡೆಯ ಹೆಂಡತಿ ಬೆನ್ನು ತಿರುಗಿಸಿ ನಿಂತು. ಅಳುವಿನ ನಡುವೆಯೇ ಅವಳ ದನಿಯಲ್ಲಿ ಒಂದು ನಗು ಬಂದು ಹೋಯಿತು. "ಮೂಟೆ ಹೊರೋ ಮೈ, ಯಾರೂ ನೋಡ್ದೇ ಇರೋದೇನಿದೆ."

ಕತ್ತರಿಸಿದ ಅಂಗಿಯ ಒಳಜೇಬಿನಿಂದ ಒಂದು ವಸ್ತು ಜಾರಿ ಬಿತ್ತು. ಅಂಗೈ ಅಗಲದ ಚರ್ಮದ ಪಟ್ಟಿ. ಮಣಿಕಟ್ಟಿಗೆ ಸುತ್ತಿ ಕಟ್ಟುವಂಥದ್ದು, ಎಣ್ಣೆ ಕುಡಿದಂತೆ ಮಿರಮಿರ ಮಿನುಗುತ್ತಿತ್ತು.

"ಯಾರೂ ಮುಟ್ಬೇಡಿ!" ಎಂದು ಡಾಕ್ಟರು ಕೂಗಿದರು. ಚಿಮುಟದಿಂದ ಎತ್ತಿ ಒಂದರೊಳಗೊಂದು ಚೀಲಕ್ಕೆ ಹಾಕಿ ಬಾಯಿ ಬಿಗಿದರು. ಕಿಟಕಿಗಳನ್ನೆಲ್ಲ ತೆರೆಸಿದರು. ಜೋಡಿಗೆ ಅಟ್ರೋಪಿನ್ ಏರುತ್ತಿರುವಾಗಲೇ ದಾದಿ ಸೋಪಿನ ನೀರಿನಿಂದ ಅವನ ಎದೆ, ಕಂಕುಳು, ಉಗುರ ಸಂದು, ಕಿವಿಯ ಹಿಂದೆ ಬಿಡದೆ ತೊಳೆದಳು. ಒಳಗೆ ಬಂಡೆಯ ಎಡಗೈಗೂ ಅದೇ ಉಪಚಾರ.

ಎದೆ ಒಣಗಿ, ಜೋಡಿಗೆ ಉಸಿರು ಹಗುರಾದ ಮೇಲೆ ಜಿಗಣೆಯಮ್ಮ ಕೇಳಿದಳು.

"ಏನಣ್ಣ ಅದು?"

"ಬಂಡೆಯ ಪಟ್ಟಿ," ಅಂದ. ಅದಕ್ಕಿಂತ ಹೆಚ್ಚು ಹೇಳುವುದೇನಿದೆ ಅನ್ನುವ ಹಾಗೆ.

ಮೂಟೆಯವರ ರೀತಿ ಹೊರಗಿನವರಿಗೆ ತಿಳಿಯದು. ಎತ್ತುವ ಯಂತ್ರಗಳು ಬರುವ ಮುಂಚೆ, ದಿನವಿಡೀ ಕೊಕ್ಕೆ ಹಿಡಿದ ಕೈ ಮುರಿಯದಿರಲೆಂದು ಕಟ್ಟಿಕೊಳ್ಳುತ್ತಿದ್ದ ಚರ್ಮ ಅದು. ಯಂತ್ರ ಬಂದ ಮೇಲೂ ಯಾರೂ ಬಿಚ್ಚಲಿಲ್ಲ. ಕೆಲಸ ಬಿಟ್ಟವನು ಬಿಚ್ಚುತ್ತಾನೆ, ಇಲ್ಲ ಸತ್ತವನ ಕೈಯಿಂದ ಬಿಚ್ಚುತ್ತಾರೆ. ಕಾಯಿಲೆ ಬಿದ್ದವನಿಗೆ ಅವನ ಜೋಡಿಯೇ ದಿನಾ ಕೂತು ಕಟ್ಟಬೇಕು. ಪಟ್ಟಿ ಇಲ್ಲದ ಕೈ ಕೆಲಸ ಬಿಟ್ಟ ಕೈ ಅನ್ನುವುದು ಅವರ ಮಾತು.

"ಸಿಸ್ಟರು ಕೈಗೆ ಏನೂ ಕಟ್ಬಾರ್ದು ಅಂದಿದ್ರು. ಅದಕ್ಕೇ ಹೊದಿಕೆ ಒಳಗೆ ಕಟ್ತಿದ್ದೆ. ನೋಡೋ ಹೊತ್ತು ಮುಗೀತು ಅಂತ ಗಂಟೆ ಬಾರಿಸಿದ ಮೇಲೆ ಬಿಚ್ಚಿ, ಪ್ಲಾಸ್ಟಿಕ್ಕಲ್ಲಿ ಸುತ್ತಿ ಜೇಬಿಗಿಡ್ತಿದ್ದೆ. ಇವತ್ತು ಪ್ಲಾಸ್ಟಿಕ್ ಎಲ್ಲೋ ಬಿದ್ದೋಯ್ತು."

ಡಾಕ್ಟರು ಅವನ ಮಂಚದ ಅಂಚಿಗೆ ಕೂತರು. "ಬಟ್ಟೆಗೆ ತಾಗಿದ ವಿಷ ಒಗೆದ್ರೆ ಎಷ್ಟೋ ಹೋಗುತ್ತೆ. ಚರ್ಮ ಹಾಗಲ್ಲ. ಕುಡಿದಿಟ್ಕೊಳ್ಳುತ್ತೆ. ಮೈ ಬಿಸಿ, ಬೆವರು ತಾಗಿದ ಹಾಗೆ ಮತ್ತೆ ಬಿಟ್ಟುಕೊಡುತ್ತೆ. ಸುಟ್ಟು ಹಾಕೋದು ಬಿಟ್ಟು ಬೇರೆ ದಾರಿಯಿಲ್ಲ."

ಆ ಮಾತು ಜೋಡಿಯ ಮನಸ್ಸಿಗೆ ಮೆಲ್ಲಗೆ ಇಳಿಯಿತು. ತನ್ನ ಎರಡು ಅಂಗೈಯನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಅಂದ್ರೆ... ನಾನೇನಾ? ದಿನಾ ನಾನೇ ಕೈಯಾರೆ..."

ಬಂಡೆಯ ಹೆಂಡತಿ ಬಂದು ಅವನ ತಲೆಯ ಹತ್ತಿರ ನಿಂತಳು. ಡಾಕ್ಟರ ಕೈ ತಡೆಯಲು ಮೇಲೆದ್ದಿತು, ತೊಳೆದ ಮೈ ಎಂದು ನೆನಪಾಗಿ ಕೆಳಗಿಳಿಯಿತು. ಅವಳು ಗಂಡನ ಟವೆಲ್ಲಿನಿಂದ ಅವನ ಒದ್ದೆ ಕೂದಲು ಒರೆಸಿದಳು.

"ನೀನು ಅವರ ಕೈ ಹಿಡ್ಕೊಂಡು ಕೂತಿದ್ದೆ. ಅಷ್ಟೇ ನೀನು ಮಾಡಿದ್ದು," ಅಂದಳು. "ಅವರು ಏಳಲಿ. ಆಮೇಲೆ ಇಬ್ರೂ ಸೇರಿ ಬೈದಾಡ್ಕೊಳ್ಳಿ. ನಾನು ಮಧ್ಯೆ ಬರಲ್ಲ."

ಆಗ ಒಳಗಿಂದ ಸಿಸ್ಟರ್ ಕರೆದರು. ತೊಳೆದು ಕೆಂಪಾದ ಒಂದು ಕಣ್ಣು ಕಿರಿದು ಮಾಡಿಕೊಂಡೇ ಕರೆದರು. "ಅಮ್ಮಾ, ಇಲ್ಲಿ ಬನ್ನಿ. ಬೇಗ."

ಬಂಡೆಯ ಕಣ್ಣು ತೆರೆದಿತ್ತು. ಯಂತ್ರ ದೂಡುವ ಉಸಿರಿನ ನಡುವೆ ಅವನದೇ ಒಂದು ಉಸಿರು ಎದ್ದಿತು. ಆಮೇಲೆ ಇನ್ನೊಂದು. ಹೆಂಡತಿ ಬೆರಳು ಕೊಟ್ಟಳು. ಮೂಟೆ ಹಿಡಿದ ಕೈ, ಮಗುವಿನ ಕೈಯಂತೆ ಮೆತ್ತಗೆ ಅದನ್ನು ಹಿಡಿದುಕೊಂಡಿತು.

"ಇದು ಶುರು," ಅಂದರು ಡಾಕ್ಟರು. "ಇನ್ನೂ ಕೆಲವು ದಿನ ಕಾಯ್ಬೇಕು, ಕುತ್ತಿಗೆಯ ಬಲ, ಉಸಿರಿನ ಬಲ ನೋಡ್ಕೋಬೇಕು. ಆದ್ರೆ ದಾರಿ ಮನೆ ಕಡೆಗೇ ಇದೆ."

ಹೆಂಡತಿ ಗಂಡನ ಕಿವಿಗೆ ಬಗ್ಗಿದಳು. "ಕೇಳಿಸ್ತಾ? ಮನೆಗಂತೆ. ತಮ್ಮನೂ ನಿರಪರಾಧಿ. ಇಬ್ರೂ ಉಳಿದ್ರಿ ನನಗೆ."

ಜಿಗಣೆಯಮ್ಮನಿಗೆ ಮಾತ್ರ ಒಂದು ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಂತೆ ಕಾಡುತ್ತಿತ್ತು. ಸಿಸ್ಟರ್ ಅವರನ್ನು ಪಕ್ಕಕ್ಕೆ ಕರೆದಳು.

"ಬಂಡೆ ಬಂದ ದಿನ ಅವನ ಮೈಮೇಲಿದ್ದದ್ದೆಲ್ಲ ಏನ್ಮಾಡಿದ್ರಿ?"

"ಕತ್ತರಿಸಿ ಚೀಲಕ್ಕೆ ಹಾಕಿ ಸುಡೋಕೆ ಕಳಿಸಿದ್ವಿ. ಬಟ್ಟೆ, ಚಪ್ಪಲಿ, ಬೆಲ್ಟು..." ಸಿಸ್ಟರ್ ಅಲ್ಲಿಗೆ ನಿಂತರು. "ಪಟ್ಟಿನೂ. ನಾನೇ ಕತ್ತರಿಸ್ದೆ. ಗಟ್ಟಿಯಿತ್ತು, ಕತ್ತರಿ ಹಿಡೀಲಿಲ್ಲ, ಬ್ಲೇಡು ತಗೊಂಡೆ."

ಬಂಡೆಯ ಪಟ್ಟಿ ಅವತ್ತೇ ಸುಟ್ಟುಹೋಗಿದ್ದರೆ ಇದು ಬೇರೆ ಪಟ್ಟಿ. ಜಿಗಣೆಯಮ್ಮ ಜೋಡಿಯ ಮಂಚಕ್ಕೆ ಓಡಿದಳು ಅಂದರೂ ಸರಿಯೇ.

"ಅಣ್ಣಾ, ಈ ಪಟ್ಟಿ ನಿನಗೆ ಸಿಕ್ಕಿದ್ದೆಲ್ಲಿ?"

"ಮೇಸ್ತ್ರಿ ಕೊಟ್ರು. ಗೇಟಿನ ಹತ್ರ, ಪ್ಲಾಸ್ಟಿಕ್ಕಲ್ಲಿ ಸುತ್ತಿ. ಆಸ್ಪತ್ರೆಯವರು ಬಿಸಾಕಿದ್ರು, ನಾನು ಕೇಳಿ ಇಸ್ಕೊಂಡೆ, ಕಟ್ಟು, ಯಾರ ಹತ್ರನೂ ಹೇಳ್ಬೇಡ, ಕಿತ್ಕೋತಾರೆ ಅಂದ್ರು." ಜೋಡಿ ಮುಖವಾಡ ಸರಿಸಿದ. "ಯಾಕಮ್ಮ?"

ಕಿಟಕಿಯ ಬಳಿ ಯಾರೂ ಇರಲಿಲ್ಲ. ಬೆಂಚೂ ಖಾಲಿ. ಹಣ್ಣಿನ ಚೀಲವೊಂದೇ ಕೂತಿತ್ತು.

"ನಿನ್ನ ತಮ್ಮ ಎಲ್ಲಿ?" ಅಂತ ಅವಳು ವಾರ್ಡಿನ ಬಾಗಿಲಲ್ಲಿ ನಿಂತು ಕೇಳಿದಳು.

ಹೆಂಡತಿ ಗಂಡನ ಕೈ ಬಿಡದೆಯೇ ತಿರುಗಿದಳು. ಮುಖದಲ್ಲಿ ಇನ್ನೂ ಆ ನಗು. "ಹೋದ. ಅವನಿಗೆ ಕೆಲಸ ಕೊಡಿಸಿದ್ದ ಮೇಸ್ತ್ರಿಯಣ್ಣನೇ ಗಾಡಿಯಲ್ಲಿ ಕರ್ಕೊಂಡು ಹೋದ್ರು. ಗೋದಾಮಿನ ಬೀಗದ ವಿಷಯ ಏನೋ ಮಾತಾಡ್ಬೇಕು ಅಂದ್ರು." ಜಿಗಣೆಯಮ್ಮನ ಮುಖ ನೋಡಿ ಅವಳ ನಗು ಕರಗಿತು. "ಯಾಕೆ? ಅವನೇನೂ ಮಾಡಿಲ್ಲ ಅಂತ ಆಯ್ತಲ್ಲ?"

"ಅವನ ಫೋನು?"

ಹೆಂಡತಿ ನಂಬರು ಒತ್ತಿ ಕೊಟ್ಟಳು. ರಿಂಗ್ ಆಯಿತು. ಆಗುತ್ತಲೇ ಇತ್ತು. ಕಡೆಗೆ ಯಾರೋ ಎತ್ತಿದರು. ಗಾಡಿ ಓಡುತ್ತಿರುವ ಸದ್ದು.

"ಹೇಳಮ್ಮಾ," ಅಂದಿತು ಮೇಸ್ತ್ರಿಯ ಮೆತ್ತನೆಯ ದನಿ. "ನಿನ್ನ ತಮ್ಮ ಫೋನು ನನ್ನ ಕೈಗೆ ಕೊಟ್ಟಿದ್ದಾನೆ. ನಮ್ಮ ಬಂಡೆ ಹೇಗಿದ್ದಾನೆ?"

ಜಿಗಣೆಯಮ್ಮ ಹೆಂಡತಿಯ ಕಡೆ ನೋಡಿದಳು. ಬಂಡೆಯ ಕಡೆ ನೋಡಿದಳು. ಬಾಯಲ್ಲಿ ಉಸಿರಿನ ಯಂತ್ರದ ನಳಿಕೆ ಇದ್ದ ಬಂಡೆ ಒಂದು ಅಕ್ಷರ ಆಡುವ ಹಾಗಿರಲಿಲ್ಲ. ಅದು ಮೇಸ್ತ್ರಿಗೆ ಗೊತ್ತಿರಲಿಲ್ಲ. ವಾರ್ಡಿನ ಒಳಗೆ ಅವನು ಬಂದೇ ಇರಲಿಲ್ಲವಲ್ಲ.

"ಮೇಸ್ತ್ರಿಗಳೇ, ನಾನು ಪೊಲೀಸು," ಅಂದಳು. ದನಿಯಲ್ಲಿ ಅವಸರ ತೋರಿಸಿಕೊಳ್ಳಲಿಲ್ಲ. "ಬಂಡೆ ಎದ್ದಿದ್ದಾನೆ. ಚೆನ್ನಾಗಿ ಮಾತಾಡ್ತಿದ್ದಾನೆ. ಎದ್ದವನೇ ನಿಮ್ಮನ್ನ, ತನ್ನ ಭಾವಮೈದನ್ನ ಕೇಳಿದ. ಇಬ್ರನ್ನೂ ಒಟ್ಟಿಗೆ ನೋಡ್ಬೇಕಂತೆ. ನೀವು ಬರೋ ತನಕ ಮಿಕ್ಕ ಮಾತು ಆಡಲ್ಲ ಅಂತ ಹಟ ಹಿಡಿದಿದ್ದಾನೆ."

ಆ ಕಡೆ ಗಾಡಿಯ ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತಿತು. ಬಂಡೆಯ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಫೋನಿಗೆ ಕಿವಿ ಕೊಟ್ಟಳು.

ದೂರದಲ್ಲಿ, ಏನೂ ಅರಿಯದ ಅವಳ ತಮ್ಮನ ದನಿ ಕೇಳಿಸಿತು.

"ಯಾಕೆ ಮೇಸ್ತ್ರಿ, ಇಲ್ಲಿ ನಿಲ್ಸಿದ್ರಿ?"